ತೋಳು ಏಳುವಷ್ಟು

ಹಲಗೆಯನ್ನು ಎಡಕ್ಕೆ ಒತ್ತಿದರೆ ಬಲತುದಿ ಗೂಟದಿಂದ ಜಾರುತ್ತಿತ್ತು. ಬಲಕ್ಕೆ ಒತ್ತಿದರೆ ಎಡತುದಿ. ಮೂರನೆಯ ಸಲ ಅದು ಕಪಾಟಿನ ತಳಕ್ಕೆ ಬಡಿದ ಸದ್ದಿಗೆ ಮುಂದಿನ ಕೋಣೆಯಲ್ಲಿದ್ದ ಮಗಳು ಓಡಿಬಂದಳು.

"ಏನಪ್ಪ, ಕಾಲಿಗೆ ಬಿತ್ತಾ?"

"ಕಾಲಿಗೆ ಬಿದ್ದಿದ್ರೆ ಚೆನ್ನಾಗಿತ್ತು," ಎಂದರು ದರ್ಜಿ. "ಮಾನವಾದ್ರೂ ಉಳೀತಿತ್ತು."

ನಲವತ್ತು ವರ್ಷ ಬಟ್ಟೆ ಹೊಲಿದ ಮನುಷ್ಯ. ಅಂಗಡಿ ಮುಚ್ಚಿ ಒಂದು ವರ್ಷವಾಗಿದ್ದರೂ ಅಳತೆಯ ಟೇಪು ಇನ್ನೂ ಕೊರಳಲ್ಲೇ ಇರುತ್ತಿತ್ತು. ಎರಡು ವಾರದಿಂದ ಅವರು ಅಡುಗೆಮನೆಯಲ್ಲಿ ಕಪಾಟು ಕಟ್ಟುತ್ತಿದ್ದರು. ಕಟ್ಟೆಯ ಒಂದು ತುದಿಯಲ್ಲಿ ಗೋಡೆಗೆ ಒರಗಿಸಿದ ಪ್ಲೈವುಡ್ ಪೆಟ್ಟಿಗೆ ನೆಟ್ಟಗೆ ನಿಂತಿತ್ತು. ಅದರ ಒಳಗೆ ಎರಡೂ ಪಕ್ಕದಲ್ಲಿ ಕೆಳಗಿನಿಂದ ಮೇಲಿನವರೆಗೆ ಇಂಚಿಗೊಂದರಂತೆ ತೂತುಗಳ ಸಾಲು. ಅಂಗಿಗೆ ಗುಂಡಿ ತೂರುವ ಕಾಜಾದ ಗುರುತು ಹಾಕುವ ರಟ್ಟಿನ ಪಟ್ಟಿಯನ್ನೇ ಇಟ್ಟು ಕೊರೆದಿದ್ದರಿಂದ ಒಂದು ತೂತೂ ಸಾಲು ತಪ್ಪಿರಲಿಲ್ಲ. ಬೇಕಾದ ಎತ್ತರದಲ್ಲಿ ನಾಲ್ಕು ಗೂಟ ಸಿಕ್ಕಿಸಿ ಮೇಲೆ ಹಲಗೆ ಕೂರಿಸಿದರಾಯಿತು. ಇಷ್ಟನ್ನೂ ಅವರೇ ಅಳೆದು, ಅವರೇ ಕೊಯ್ದು ಮಾಡಿದ್ದರು. ಕೊನೆಗೆ ಗರಗಸ ಹಿಡಿದು ಕೈ ಸೋತು, ಒಳಗಿನ ಹಲಗೆಗಳನ್ನು ಮಾತ್ರ ಮರದಂಗಡಿಯಲ್ಲಿ ಕೊಯ್ಯಿಸಿ ತಂದಿದ್ದರು. ಈಗ ಆ ಹಲಗೆಗಳೇ ನಿಲ್ಲುತ್ತಿರಲಿಲ್ಲ.

ಬಾಗಿಲ ಬಳಿ ಸ್ಟೂಲಿನ ಮೇಲೆ ಹೆಂಡತಿ ಕೂತಿದ್ದಳು. ಆಕೆಯ ಬಲಗೈ ಯಾರೋ ನೋಡಿಕೊಳ್ಳಲು ಕೊಟ್ಟುಹೋದ ವಸ್ತುವಿನ ಹಾಗೆ ಮಡಿಲಲ್ಲಿತ್ತು.

ನಾಲ್ಕು ತಿಂಗಳ ಹಿಂದೆ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಭುಜದ ಮೂಳೆ ಮುರಿದಿತ್ತು. ಮೂಳೆ ಕೂಡಿತು, ಆದರೆ ತೋಳು ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ದಿನಾ ಗೋಡೆಯ ಮೇಲೆ ಬೆರಳು ಹತ್ತಿಸಿ ಅಭ್ಯಾಸ ಮಾಡಿ, ಕಾಲ ಬಂದಾಗ ಬರುತ್ತದೆ ಎಂದಿದ್ದರು ಡಾಕ್ಟರು. ಅಡುಗೆಮನೆಯ ಹಳೆಯ ಹಲಗೆಗಳೋ ತಲೆಗಿಂತ ಮೇಲೆ. "ರೀ, ಸ್ವಲ್ಪ ಬೇಳೆ ಡಬ್ಬ ಕೊಡ್ತೀರಾ," "ರೀ, ಸಕ್ಕರೆ," "ರೀ, ಮತ್ತೆ ನಿಮಗೆ ತೊಂದರೆ ಕೊಟ್ಟೆ." ಒಂದು ದಿನ ಹೀಗೆ ಹತ್ತು ಸಲ ಕರೆದ ಆಕೆ ಹನ್ನೊಂದನೆಯ ಸಲ ಕರೆಯಲಿಲ್ಲ. ಆ ಮಧ್ಯಾಹ್ನದ ಊಟಕ್ಕೆ ಉಪ್ಪಿರಲಿಲ್ಲ. ದರ್ಜಿ ತಟ್ಟೆ ಖಾಲಿ ಮಾಡಿ, "ಚೆನ್ನಾಗಿದೆ," ಎಂದು ಕೈ ತೊಳೆದುಕೊಂಡು ಹೊರಗೆ ಹೋದರು. ಸಂಜೆ ಕೈಗಾಡಿಯಲ್ಲಿ ಪ್ಲೈವುಡ್ ಬಂತು.

ಅದೇ ವಾರ ಮಗಳು ಅಡುಗೆಯವಳೊಬ್ಬಳನ್ನು ಗೊತ್ತು ಮಾಡಿದ್ದಳು. ತಾಯಿ ಬೇಡವೆನ್ನಲಿಲ್ಲ. "ಹೂಂ, ಬರಲಿ ಬಿಡು," ಎಂದು ಒಲೆಯ ಅಂಚನ್ನು ಎಡಗೈಯಲ್ಲಿ ಒರೆಸುತ್ತ ನಿಂತಿದ್ದಳು. ಆಗಲೇ ಒರೆಸಿದ್ದ ಅಂಚು ಅದು.

"ನಂಗೆ ಎರಡು ವಾರ ಕೊಡು," ಎಂದಿದ್ದರು ದರ್ಜಿ.

"ಎರಡು ವಾರದಲ್ಲಿ ಕಪಾಟಾ? ಆ ಮೇಜಿನ ಕಾಲು ಸರಿ ಮಾಡೋಕೆ ಎರಡು ವರ್ಷ ತಗೊಂಡೆಯಲ್ಲಪ್ಪ ನೀನು!"

"ಮೇಜಿಗೆ ಅವಸರ ಇರಲಿಲ್ಲ."

ಹಾಗೆ ಕೇಳಿ ಪಡೆದ ಎರಡು ವಾರ ಇವತ್ತಿಗೆ, ಈ ಭಾನುವಾರಕ್ಕೆ ಮುಗಿದಿತ್ತು. ನಾಳೆ ಬೆಳಿಗ್ಗೆ ಅಡುಗೆಯವಳು ಬರುವವಳಿದ್ದಳು.

"ಎಷ್ಟು ಅಂತ ಹೇಳಿ ಕೊಯ್ಯಿಸಿದ್ದೆ?" ಮಗಳು ಕೇಳಿದಳು.

"ಒಳಗಡೆ ಮೂವತ್ತು ಇಂಚು. ಮೂವತ್ತಂದೇ ಹೇಳಿದ್ದು. ಅವನೇ ಕಳ್ಳ, ಕಡಿಮೆ ಕೊಯ್ದಿದ್ದಾನೆ." ದರ್ಜಿ ಕೊರಳಿನ ಟೇಪು ಎಳೆದು ಹಲಗೆಗೆ ಹಿಡಿದರು. ಮೂವತ್ತಕ್ಕೆ ತುಸು ಕಡಿಮೆ. "ನೋಡು! ನಾನು ಹೇಳಲಿಲ್ವಾ?"

ಮಗಳು ಡ್ರಿಲ್ ಮಷಿನ್ನನ್ನು ಪೆಟ್ಟಿಗೆ ಸಮೇತ ತಂದುಕೊಟ್ಟಿದ್ದಳು. ಪೆಟ್ಟಿಗೆಯಲ್ಲಿ ಸ್ಟೀಲಿನ ಟೇಪೂ ಇತ್ತು. ಎರಡು ವಾರದಲ್ಲಿ ದರ್ಜಿ ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಅವಳು ಅದನ್ನು ಎಳೆದು ಹಲಗೆಯ ಮೇಲಿಟ್ಟಳು. ಕರಾರುವಾಕ್ಕಾಗಿ ಮೂವತ್ತು. ಆಮೇಲೆ ಎರಡು ಟೇಪುಗಳನ್ನೂ ಕಟ್ಟೆಯ ಮೇಲೆ ಜೋಡಿಸಿ, ಒಂದೇ ಕಡೆಯಿಂದ ಬಿಚ್ಚಿದಳು. ಹತ್ತರ ಹತ್ತಿರ ಕೂದಲಿನಷ್ಟು ವ್ಯತ್ಯಾಸ. ಇಪ್ಪತ್ತರಲ್ಲಿ ಕಣ್ಣಿಗೆ ಕಾಣುವಷ್ಟು. ಮೂವತ್ತಕ್ಕೆ ಬರುವಾಗ ಬಟ್ಟೆಯ ಟೇಪು ಕಾಲಿಂಚಿಗಿಂತ ಹೆಚ್ಚೇ ಮುಂದೆ ಹೋಗಿತ್ತು.

ಇಪ್ಪತ್ತೆರಡು ವರ್ಷ ಜನರ ಎದೆ, ಸೊಂಟಗಳ ಸುತ್ತ ಎಳೆದು ಎಳೆದು ಆ ಟೇಪು ಉದ್ದವಾಗಿಬಿಟ್ಟಿತ್ತು. ಅದರಲ್ಲೇ ಅಳೆದು ಅದರಲ್ಲೇ ಬಟ್ಟೆ ಕತ್ತರಿಸುತ್ತಿದ್ದುದರಿಂದ ಯಾರ ಅಂಗಿಯೂ ಯಾವತ್ತೂ ತಪ್ಪಿರಲಿಲ್ಲ. ಇವರ ಅಳತೆಗೆ ಬೇರೆಯವರು ಗರಗಸ ಹಾಕಿದ್ದು ಇದೇ ಮೊದಲು.

ದರ್ಜಿ ಕಟ್ಟೆಗೆ ಕೈಯೂರಿ ನಿಂತರು. ಕಿವಿಯ ತುದಿ ಕೆಂಪಾಗಿತ್ತು.

ಬಾಗಿಲ ಬಳಿಯಿಂದ ಒಂದು ವಿಚಿತ್ರ ಸದ್ದು ಬಂತು. ತಂದೆ ಮಗಳು ತಿರುಗಿ ನೋಡಿದರು. ಆಕೆ ನಗುತ್ತಿದ್ದಳು. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ಕೇಳಿರದ ನಗು.

"ಮೂಲೆಮನೆ ಮೇಷ್ಟ್ರು..." ಆಕೆಗೆ ಮಾತು ಮುಗಿಸಲಾಗಲಿಲ್ಲ. "ಇದೇ ಟೇಪಿನಲ್ಲಿ ಅಳತೆ ಕೊಟ್ಟು, ಇಪ್ಪತ್ತು ವರ್ಷದಿಂದ ನನ್ನ ಸೊಂಟ ಮೂವತ್ತಾರೇ, ಒಂದು ನೂಲೂ ಹೆಚ್ಚಾಗಿಲ್ಲ ಅಂತ ಬೀದಿಯವರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರಲ್ರೀ!"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ದರ್ಜಿ ನಗಬಾರದೆಂದು ಎಷ್ಟೋ ಪ್ರಯತ್ನಪಟ್ಟರು. "ಅವರ ಹತ್ರ ಹೇಳಬೇಡ ಮಾರಾಯ್ತಿ," ಎಂದರು. "ಈ ವಯಸ್ಸಲ್ಲಿ ಎದೆ ಒಡೆದುಕೊಳ್ತಾರೆ."

ನಗು ಇಳಿದ ಮೇಲೂ ಹಲಗೆ ಕಪಾಟಿನ ತಳದಲ್ಲೇ ಬಿದ್ದಿತ್ತು. ಭಾನುವಾರವಾದ್ದರಿಂದ ಮರದಂಗಡಿ ತೆರೆದಿರಲಿಲ್ಲ. "ಹೋಗ್ಲಿ ಬಿಡಪ್ಪ," ಮಗಳು ಮೆಲ್ಲಗೆ ಹೇಳಿದಳು. "ನಾಳೆ ಅವಳು ಬಂದೇ ಬರ್ತಾಳೆ. ಒಮ್ಮೆ ರೂಢಿಯಾದರೆ ಅಮ್ಮನಿಗೂ ಆರಾಮ."

ಹೆಂಡತಿಯ ಮುಖದ ನಗು ಆರಿತು. ಆಮೇಲೆ ಎದ್ದು ಬಂದು, ಎಡಗೈಯಲ್ಲಿ ಹಲಗೆಯ ತುದಿ ಸವರಿ ಕೇಳಿದಳು.

"ಗಿರಾಕಿ ಬಂದು ಅಂಗಿ ಪಕ್ಕದಲ್ಲಿ ಬಿಗಿ ಅಂದ್ರೆ ಏನ್ಮಾಡ್ತಿದ್ರಿ?"

"ಪಕ್ಕಕ್ಕೊಂದು ಪಟ್ಟಿ ಸೇರಿಸಿ ಕೊಡ್ತಿದ್ದೆ."

"ಮತ್ತೆ? ಕೊಡಿ."

ದರ್ಜಿ ಹೆಂಡತಿಯ ಮುಖ ನೋಡಿದರು. ಅಂಗಡಿಯಿದ್ದಷ್ಟು ವರ್ಷವೂ ಗುಂಡಿ ಹಚ್ಚಿ, ಅಂಚು ಮಡಿಚಿ ಹೊಲಿದು ಕೊಡುತ್ತಿದ್ದವಳು ಆಕೆಯೇ. "ಅಷ್ಟು ತೆಳು ಪಟ್ಟಿ ಎಲ್ಲಿಂದ ತರ್ಲಿ ಈಗ?"

ಆಕೆ ಮುಂದಿನ ಕೋಣೆಗೆ ಹೋಗಿ, ಹೊಲಿಗೆ ಯಂತ್ರದ ಹಿಂದೆ ನಿಲ್ಲಿಸಿದ್ದ ಮರದ ಗಜಕಡ್ಡಿಯನ್ನು ತಂದು ಕಟ್ಟೆಯ ಮೇಲಿಟ್ಟಳು. ಥಾನಿನಿಂದ ಬಟ್ಟೆ ಅಳೆಯುತ್ತಿದ್ದ, ಅಂಗಡಿ ತೆರೆದ ದಿನ ಕೊಂಡಿದ್ದ ಕಡ್ಡಿ. ಇಬ್ಬರ ಕೈಯಲ್ಲೂ ಸವೆದು ನಯವಾಗಿತ್ತು. ಅದರ ದಪ್ಪ ಬೇಕಾದ್ದಕ್ಕಿಂತ ಒಂದು ಕೂದಲಷ್ಟೇ ಕಡಿಮೆ.

"ಇದನ್ನಾ?"

"ಇನ್ನು ಯಾರ ಬಟ್ಟೆ ಅಳೀತೀರಿ? ಕೊಯ್ಯಿರಿ."

ದರ್ಜಿ ಕಡ್ಡಿಯನ್ನು ಒಮ್ಮೆ ಅಂಗೈಯಲ್ಲಿ ತೂಗಿ ನೋಡಿದರು. ಆಮೇಲೆ ಗರಗಸ ಎತ್ತಿಕೊಂಡರು. ಕೊಯ್ಯಿಸಿ ತಂದ ನಾಲ್ಕು ಹಲಗೆಗಳಲ್ಲಿ ಸದ್ಯ ಬೇಕಾದ ಎರಡಕ್ಕೆ ಎರಡು ತುಂಡು. ಮಗಳು ಹಿಡಿದುಕೊಂಡಳು, ಅವರು ಅಂಟು ಹಚ್ಚಿ ಸಣ್ಣ ಮೊಳೆ ಹೊಡೆದು, ಹೊರಚಾಚಿದ್ದನ್ನು ಉಪ್ಪುಕಾಗದದಲ್ಲಿ ಉಜ್ಜಿ ಇಳಿಸಿದರು. ಅಂಟು ಒಣಗುವವರೆಗೆ ಮೂವರೂ ಟೀ ಕುಡಿದರು. ಹಲಗೆಯ ತುದಿಯಲ್ಲಿ ಒಂಬತ್ತು, ಹತ್ತು, ಹನ್ನೊಂದು ಎಂಬ ಅಂಕಿಗಳು ಕಾಣುತ್ತಿದ್ದವು.

ಈ ಸಲ ಗೂಟಗಳ ಮೇಲಿಟ್ಟ ಹಲಗೆ ಎತ್ತಲೂ ಸರಿಯಲಿಲ್ಲ. ದರ್ಜಿ ಅದರ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ಅತ್ತಿತ್ತ ಓಡಾಡಿ ನಡುವೆ ಬಂದು ನಿಂತಿತು.

"ಉಪ್ಪಿನ ಡಬ್ಬ ಇಡು," ಎಂದು ಹೆಂಡತಿಗೆ ಹೇಳಿದರು.

ಆಕೆ ಬಲಗೈಯಲ್ಲಿ ಡಬ್ಬ ಹಿಡಿದು, ನೋವು ಬರುವ ಮೊದಲೇ ಹಲ್ಲು ಕಚ್ಚಿಕೊಂಡು, ತೋಳೆತ್ತಿದಳು. ನೋವು ಬರಲಿಲ್ಲ. ಡಬ್ಬ ಹಲಗೆ ಸೇರಿತು. ತೆಗೆದಳು, ಮತ್ತೆ ಇಟ್ಟಳು. ಹುಬ್ಬು ಗಂಟಿಕ್ಕಿತು.

"ಇದು ಎಷ್ಟರಲ್ಲಿದೆ?"

"ನೆಲದಿಂದ ನಲವತ್ತೊಂಬತ್ತು."

"ನಾನು ಐವತ್ತೊಂದು ತೋರಿಸಿದ್ದೆ."

ನಿಜ. ಎರಡು ವಾರದ ಹಿಂದೆ ದರ್ಜಿ ಆಕೆಯನ್ನು ಗೋಡೆಗೆ ನಿಲ್ಲಿಸಿ, ಗಿರಾಕಿಯಿಂದ ಕೇಳುವ ಹಾಗೆಯೇ, "ಬಿಗಿ ಹಿಡೀಬೇಡ, ಸಲೀಸಾಗಿ ಎಷ್ಟು ಏಳುತ್ತೋ ಅಷ್ಟೇ ಎತ್ತು," ಎಂದಿದ್ದರು. ಆಕೆ ಕುತ್ತಿಗೆಯ ನರ ಉಬ್ಬುವಂತೆ ತೋಳೆತ್ತಿ, "ಇಷ್ಟು, ಸಲೀಸಾಗಿ," ಎಂದಿದ್ದಳು. ಅವರು ಅಳತೆಯ ಪುಸ್ತಕದಲ್ಲಿ ಬರೆದುಕೊಂಡಿದ್ದರು.

"ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳ್ಕೊಳ್ಳೋರನ್ನ ಜೀವಮಾನವಿಡೀ ನೋಡಿದ್ದೀನಿ ಕಣೇ," ಎಂದರು ಈಗ. "ಅವರು ತೋರಿಸಿದ ಅಳತೆಗೆ ಹೊಲಿದಿದ್ರೆ ಒಬ್ಬನ ಗುಂಡಿಯೂ ನಿಲ್ತಿರಲಿಲ್ಲ."

ಆಕೆ ಸಿಟ್ಟು ಬಂದವಳಂತೆ ಮುಖ ತಿರುಗಿಸಿದಳು. ಆಮೇಲೆ ಕಪಾಟಿನ ಮೇಲ್ಭಾಗದತ್ತ ಗದ್ದ ತೋರಿಸಿದಳು. "ಹಾಗಾದ್ರೆ ಅಷ್ಟು ಮೇಲೆ ತನಕ ತೂತು ಯಾಕೆ? ಚೆನ್ನಾಗಿರೋ ಮರ ಹಾಳು."

"ಮಕ್ಕಳ ಬಟ್ಟೆ ಹೊಲಿಯುವಾಗ ಮಡಿಕೆ ಒಳಗೆ ಒಂದಷ್ಟು ಬಿಡ್ತೀವಲ್ಲ, ಹಾಗೆ."

"ನಾನೇನು ಬೆಳೆಯೋ ಮಗುವಾ?"

ದರ್ಜಿ ಕಟ್ಟೆಯ ಮೇಲಿನ ಮರದ ಪುಡಿ ಗುಡಿಸಿ ಅಂಗೈಗೆ ಹಾಕಿಕೊಳ್ಳತೊಡಗಿದರು.

ಮಗಳು ಫೋನು ಹಿಡಿದು ನಿಂತಿದ್ದಳು. "ಅಮ್ಮ, ಅವಳಿಗೆ ನಾಳೆ ಬರೋದು ಬೇಡ ಅಂದುಬಿಡ್ಲಾ?"

"ಛೆ, ಬಾ ಅಂದು ಬೇಡ ಅನ್ನೋದು ಚೆನ್ನಾಗಿರಲ್ಲ. ಬರಲಿ. ನನ್ನ ಕೈಯ ಟೀ ಕುಡಿದು ಹೋಗಲಿ."

ಆ ರಾತ್ರಿಯ ಅಡುಗೆಯಲ್ಲಿ ಉಪ್ಪು ಒಂದು ಹಿಡಿ ಹೆಚ್ಚೇ ಇತ್ತು. ದರ್ಜಿ ಎರಡು ಲೋಟ ನೀರು ಕುಡಿದು, "ಚೆನ್ನಾಗಿದೆ," ಎಂದರು.

"ಅವತ್ತೂ ಹಾಗೇ ಅಂದಿದ್ರಿ," ಎಂದಳು ಆಕೆ.

ದಿನಗಳು ಹೋದವು. ಅಡುಗೆಯವಳು ಆ ಸೋಮವಾರ ಟೀ ಕುಡಿದು, ಕಪಾಟು ನೋಡಿ, ತನಗೂ ಇಂಥದ್ದೊಂದು ಬೇಕೆಂದು ಹೇಳಿ ಹೋಗಿದ್ದಳು. ಉಳಿದ ಎರಡು ಹಲಗೆಗಳು ಹೊಲಿಗೆ ಯಂತ್ರದ ಹಿಂದೆ, ಗಜಕಡ್ಡಿಯಿದ್ದ ಜಾಗದಲ್ಲಿ ನಿಂತಿದ್ದವು. ಆಕೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಗೋಡೆಯ ಮೇಲೆ ಬೆರಳು ಹತ್ತಿಸುತ್ತಿದ್ದುದು ದರ್ಜಿಗೆ ಗೊತ್ತಿತ್ತು. ಎಷ್ಟು ಏಳುತ್ತದೆ ಎಂದು ಅವರು ಕೇಳಲಿಲ್ಲ. ಆಕೆ ಹೇಳಲೂ ಇಲ್ಲ.

ಒಂದು ಬೆಳಿಗ್ಗೆ ಆಕೆ ಒಲೆಯ ಮುಂದೆ ನಿಂತು ಹಾಲು ಕಾಯಿಸುತ್ತಿದ್ದಳು. "ಆ ಟೀಪುಡಿ ಎತ್ತಿಡಿ," ಎಂದಳು ತಿರುಗದೆ. ದರ್ಜಿ ಡಬ್ಬ ತೆಗೆದುಕೊಂಡು, ಕೈಗೆ ರೂಢಿಯಾಗಿದ್ದ ಎತ್ತರಕ್ಕೆ, ನೋಡದೆಯೇ ಇಡಹೋದರು. ಡಬ್ಬ ಹಲಗೆಯ ಅಂಚಿಗೆ ಬಡಿಯಿತು.

"ಏನ್ರೀ ಅದು ಸದ್ದು?"

"ಏನಿಲ್ಲ."

ಅವರು ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. ಹಳೆಯ ಜಾಗದಿಂದ ಹಲಗೆಯವರೆಗೆ ತೂತು ಎಣಿಸಿದರು, ಒಂದು, ಎರಡು. ಡಬ್ಬವನ್ನು ಎತ್ತಿ, ಉಪ್ಪಿನ ಪಕ್ಕ ಇಟ್ಟರು. ಆಕೆ ಇನ್ನೂ ಬೆನ್ನು ಹಾಕಿಯೇ ನಿಂತಿದ್ದಳು, ಹಾಲಿನಿಂದ ಕಣ್ಣು ಕೀಳದೆ. ಕಪಾಟಿನೊಳಗೆ, ಗೂಟ ಕಿತ್ತು ಖಾಲಿಯಾದ ನಾಲ್ಕು ತೂತುಗಳ ಸುತ್ತ, ಗೂಟಗಳು ಇಷ್ಟು ದಿನ ಒತ್ತಿದ್ದ ಉಂಗುರದ ಗುರುತು ಹೊಸದಾಗಿ ಕಾಣುತ್ತಿತ್ತು.