ಆಣೆ ಹಾಕಿದ ತುತ್ತು

ಡಬ್ಬಿಯಲ್ಲಿ ಬರುವ ಕಾಳೆಂದರೆ ಮಹ್ಬೂಬಾಗೆ ಮೈಯೆಲ್ಲ ಉರಿ. ಶಾಲೆಯ ಅಡಿಗೆ ತನ್ನ ಕೈಗೆ ಬಂದದ್ದೇ ತಡ, ಊರಿನ ಹೆಂಗಸರನ್ನೆಲ್ಲ ಕಾಡಿ ಬೇಡಿ, ಅವರ ಹಿತ್ತಲಿನ ತರಕಾರಿ, ಅವರ ಮರದ ಆಲಿವ್ ಎಣ್ಣೆಯೇ ಮಕ್ಕಳ ತಟ್ಟೆಗೆ ಬೀಳುವಂತೆ ಮಾಡಿದ್ದಳು. ಟುನೀಶಿಯಾದ ಆ ಗುಡ್ಡಗಳಲ್ಲಿ ವಸಂತ ಬಂತೆಂದರೆ ಎಳೆಯ ಫೂಲ್ ಅವರೆಯದೇ ಕಾರುಬಾರು. ಈ ಸಲ ಮೊದಲ ಕೊಯ್ಲು ಅವಳ ಹೊಲದ್ದೇ.

ಶಾಲೆಯ ಊಟದಲ್ಲಿ ಮಕ್ಕಳೆಲ್ಲ ಬೆರಳು ನೆಕ್ಕುತ್ತಿದ್ದರೆ, ಪಟ್ಟಣದಿಂದ ಹೊಸದಾಗಿ ಬಂದ ಹುಡುಗ ಹೈಥಮ್ ಮಾತ್ರ ತಟ್ಟೆ ಮುಟ್ಟದೆ ಕೂತಿದ್ದ.

“ಯಾಕೋ ಸಾಹೇಬ, ನಮ್ಮ ಮಣ್ಣಿನ ಕಾಳು ಗಂಟಲಲ್ಲಿ ಇಳಿಯಲ್ವಾ?”

“ಅಮ್ಮ ಬೇಡ ಅಂದಿದ್ದಾಳೆ, ಚಿಕ್ಕಮ್ಮ.”

“ನಿಮ್ಮಮ್ಮನಿಗೇನು ಗೊತ್ತು! ಡಬ್ಬಿ ತಿಂದು ಬೆಳೆದೋಳು. ದೇವರಾಣೆ, ನನ್ನ ತಲೆ ಮೇಲಾಣೆ, ತಿನ್ನು ನನ್ನಪ್ಪ.”

ಆಣೆ ಹಾಕದೆ ಬಡಿಸಿದರೆ ಆ ಕಡೆ ಅದು ಉಪಚಾರವೇ ಅಲ್ಲ. ಹಿರಿಯರು ಆಣೆ ಹಾಕಿದ ಮೇಲೆ ತಟ್ಟೆ ತಳ್ಳುವ ಹಾಗೂ ಇಲ್ಲ. ಮರ್ಯಾದೆ ಕಲಿತ ಹುಡುಗ, ಕಣ್ಣು ಮುಚ್ಚಿಕೊಂಡು ತಟ್ಟೆ ಖಾಲಿ ಮಾಡಿದ. ಮಹ್ಬೂಬಾ ಗೆದ್ದವಳ ಹಾಗೆ ನಕ್ಕಳು.

ಮಾರನೆಯ ದಿನ ಅವನ ಕಣ್ಣು ಹಳದಿಯಾಯಿತು, ಮೂತ್ರ ಕಪ್ಪಾಯಿತು. ಪೇಟೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಅವನ ರಕ್ತಕ್ಕೆ ಆ ಕಾಳು ವಿಷವಂತೆ, ಹುಟ್ಟಿನಿಂದಲೇ ಹಾಗಂತೆ. ಎಂಥ ಅನ್ಯಾಯ ನೋಡಿ, ಒಂದು ಹಿಡಿ ಅವರೆಗೆ ಒಂದು ಕೂಸು!

ಸಾವಿನ ಮನೆಯಲ್ಲಿ ಹುಡುಗನ ತಾಯಿ ಸಲ್ವಾ ಮಹ್ಬೂಬಾಳ ಕೈ ಹಿಡಿದುಕೊಂಡೇ ಗೋಳಾಡಿದಳು. “ಬಡ್ಕೊಂಡಿದ್ದೆ ಅಕ್ಕಾ, ಅದನ್ನ ಮುಟ್ಟಬೇಡ ಅಂತ. ಯಾರು ಕೊಟ್ಟರೋ ಅಂದ್ರೆ, ‘ಆಸೆಯಾಯ್ತು, ನಾನೇ ತಿಂದೆ’ ಅಂದ.”

ಸಾಯುವಾಗಲೂ ಹುಡುಗ ಅವಳ ಹೆಸರೆತ್ತಿರಲಿಲ್ಲ. ಮಹ್ಬೂಬಾ ತಾನೂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಕೆಲಸವೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ನೆರೆಯವರು ತಂದಿದ್ದ ಕುಸ್ಕುಸ್ ತಟ್ಟೆಯನ್ನು ಸಲ್ವಾ ಅವಳ ಮುಂದೆ ಸರಿಸಿದಳು. “ನನ್ನ ಮಗನಾಣೆ ಅಕ್ಕಾ, ಒಂದು ತುತ್ತು ತಿನ್ನು.”

ಮಹ್ಬೂಬಾಳ ಕೈ ತಟ್ಟೆಯವರೆಗೆ ಹೋಗಿ ನಿಂತಿತು.

“ಅವನು ಬೇಡ ಅಂದಿದ್ದ ಕಣೇ. ನಾನೇ ಆಣೆ ಹಾಕಿ ತಿನ್ನಿಸಿದೆ.”

ಬಡಿಸಿದ ತಟ್ಟೆಯನ್ನು ಆ ಊರಿನಲ್ಲಿ ಹಗೆಯವನ ಮುಂದಿನಿಂದಲೂ ಯಾರೂ ತೆಗೆದದ್ದಿಲ್ಲ. ಸಲ್ವಾ ಎರಡೂ ಕೈಯಿಂದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.