ಮೊದಲ ತೇಪೆ

‘ಹರಿದದ್ದು ತನ್ನಿ, ಪುಕ್ಕಟೆ ಹೊಲಿದುಕೊಡುತ್ತೇವೆ, ಭೂಮಿ ಉಳಿಸಿ’ ಎಂದು ಬೋರ್ಡು ಹಾಕಿ, ಬಟ್ಟೆ ಅಂಗಡಿಯವರು ನನ್ನನ್ನು ಮೂಲೆಯಲ್ಲಿ ಕೂರಿಸಿ ಮೂರು ತಿಂಗಳಾಗಿತ್ತು. ಕೆಳಗೆ ‘ಈವರೆಗೆ ಉಳಿಸಿದ ಬಟ್ಟೆ: ಸೊನ್ನೆ’ ಎಂದಿತ್ತು. ಬಂದವರೆಲ್ಲ ಬೋರ್ಡನ್ನು ಹೊಗಳಿ, ಹೊಸದನ್ನು ಕೊಂಡು ಹೋದರು. ನಾನು ನೊಣ ಹೊಡೆಯುತ್ತ ಕೂತಿದ್ದೆ.

ಇಂದು ಕೊನೆಗೂ ಒಬ್ಬ ಹೆಂಗಸು ಜಾಕೆಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು.

“ಎಲ್ಲಮ್ಮಾ ಹರಿದಿರೋದು?”

“ಹರಿದಿಲ್ಲ ಅಕ್ಕಾ. ಮೊಣಕೈ ಹತ್ರ ಒಂದು ತೇಪೆ ಹಾಕಿ. ಹಳೇದನ್ನೇ ಹಾಕ್ಕೊಳ್ತೀನಿ ಅಂತ ನೋಡಿದೋರಿಗೆ ಗೊತ್ತಾಗ್ಬೇಕು.”

“ಮತ್ತೆ ಹಳೇದು?”

“ಅದಾ? ಮೊಣಕೈ ಹತ್ರ ಹರಿದುಹೋಗಿತ್ತು, ಎಸೆದ್ಬಿಟ್ಟೆ.”

ಹೊಟ್ಟೆಪಾಡು ನೋಡಿ, ಸೂಜಿಗೆ ದಾರ ಪೋಣಿಸಿದೆ.

“ತೇಪೆ ಪಕ್ಕದಲ್ಲಿ ಸ್ವಲ್ಪ ಹರಿದಿರೋದೂ ಕಾಣ್ಲಿ ಅಕ್ಕಾ, ಇಲ್ದಿದ್ರೆ ಯಾರೂ ನಂಬಲ್ಲ,” ಎಂದಳು.

ನಲವತ್ತು ವರ್ಷ ಹರಿದದ್ದನ್ನೇ ಹೊಲಿದ ಈ ಕೈ, ಗಟ್ಟಿಮುಟ್ಟಾದ ತೋಳಿಗೆ ಕತ್ತರಿ ಹಾಕಿತು.

ಅವಳು ಹೋದ ಕೂಡಲೇ ಮ್ಯಾನೇಜರು ಓಡಿಬಂದು ನನ್ನ ಕೈ ಕುಲುಕಿದ. ಬೋರ್ಡಿನಲ್ಲಿದ್ದ ಸೊನ್ನೆಯನ್ನು ಅಳಿಸಿ, ದಪ್ಪ ಅಕ್ಷರದಲ್ಲಿ ‘ಒಂದು’ ಎಂದು ಬರೆದ.