ಹಿತ್ತಲ ಕೋಳಿಗೆ ಹಿಡಿ ಹುಳುಪುಡಿ

ನಾನು ಒಂದು ನಾಟಿ ಕೋಳಿ. ಹುಟ್ಟಿದ್ದು ಚನ್ನಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ, ಹಳೆಯ ಬಿದಿರು ಮಂಕರಿಯೊಳಗೆ. ಹನ್ನೊಂದು ಮೊಟ್ಟೆಗಳಲ್ಲಿ ಒಡೆದು ಬಂದವು ಒಂಬತ್ತು. ಹದ್ದು, ಬೆಕ್ಕು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದವು ನಾಲ್ಕು. ಮೂರು ತಿಂಗಳಾದಾಗ ನನ್ನನ್ನೂ ನನ್ನ ಬಿಳಿ ತಂಗಿಯನ್ನೂ ಬಟ್ಟೆಚೀಲಕ್ಕೆ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು, ಮನೆಯೊಡತಿ ಬಸ್ಸಿನಲ್ಲಿ ರಾಮನಗರಕ್ಕೆ ತಂದಳು. ಅಲ್ಲಿದ್ದ ತನ್ನ ಅಕ್ಕ ಚಿಕ್ಕತಾಯಮ್ಮನಿಗೆ ನಮ್ಮನ್ನು ಕೊಟ್ಟು ಹೋದಳು.

ಚಿಕ್ಕತಾಯಮ್ಮ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದವನು ಅವಳ ಗಂಡ ಜವರಯ್ಯ. ದರ್ಜಿಯಾಗಿದ್ದನಂತೆ. ಲಕ್ವ ಹೊಡೆದು ಬಲಗೈ ಸೋತಿತ್ತು. ಹಿತ್ತಲ ಕಟ್ಟೆಯ ಮೇಲೆ ಕುಳಿತು ಎಡಗೈಯಲ್ಲಿ ನಮಗೆ ಕಡಲೆಪುರಿ, ಬಿಸ್ಕತ್ತು, ಬೋಂಡದ ಚೂರು ಎಸೆಯುತ್ತಿದ್ದ. ಅವನು ಕೆಮ್ಮಿದರೂ ಸಾಕು, ನಾವು ಓಡುತ್ತಿದ್ದೆವು. ನಾವು ಓಡುವುದನ್ನು ನೋಡಿ ಅವನು ನಗುತ್ತಿದ್ದ. ಆ ಮನೆಯಲ್ಲಿ ನಗು ಕೇಳಿಸುತ್ತಿದ್ದದ್ದು ಆಗ ಮಾತ್ರ.

ಹೊಟ್ಟೆ ತುಂಬುತ್ತಿತ್ತು, ಕಾಳು ಬೇಡವಾಯಿತು. ಕೆಲವು ತಿಂಗಳಲ್ಲಿ ನಮ್ಮ ಮೊಟ್ಟೆಯ ಚಿಪ್ಪು ಮುಟ್ಟಿದರೆ ಒಡೆಯುವಷ್ಟು ತೆಳುವಾಯಿತು. ನಾವು ಒಬ್ಬರ ಪುಕ್ಕವನ್ನೊಬ್ಬರು ಕಿತ್ತು ತಿನ್ನತೊಡಗಿದೆವು. ಒಂದು ಬೆಳಿಗ್ಗೆ ನನ್ನ ತಂಗಿ ಗೂಡಿನಿಂದ ಏಳಲಿಲ್ಲ.

ಚಿಕ್ಕತಾಯಮ್ಮ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ನನ್ನ ಹೊಟ್ಟೆ ಒತ್ತಿ ನೋಡಿದರು.

"ಬರೀ ಕೊಬ್ಬು. ಪುಕ್ಕ ಬರ್ಬೇಕು, ಮೊಟ್ಟೆ ಇಡ್ಬೇಕು ಅಂದ್ರೆ ಮೈಗೆ ಸತ್ವ ಬೇಕಮ್ಮ. ಕಾಳು ಕೊಡಿ, ಚಿಪ್ಪಿಗೆ ಸುಣ್ಣಕಲ್ಲಿನ ಪುಡಿ ಇಡಿ. ಜೊತೆಗೆ ಸ್ವಲ್ಪ ಒಣಮೀನೋ, ರೇಷ್ಮೆ ಹುಳುವೋ ಹಾಕಿ. ಬೋಂಡ ಬೇಡ."

ಮನೆಗೆ ಬಂದವಳೇ ಗಂಡನ ಕೈಯಿಂದ ಪುರಿ ಪೊಟ್ಟಣ ಕಿತ್ತುಕೊಂಡಳು. "ಬ್ಯಾಡ ಬ್ಯಾಡ ಅಂದ್ರೂ ಹಾಕುದ್ರಿ. ಒಂದು ಸತ್ತೇ ಹೋಯ್ತು. ಇನ್ಮ್ಯಾಕೆ ಇದುಕ್ಕೆ ನೀವೇನೂ ಹಾಕ್ಬ್ಯಾಡಿ!"

ಜವರಯ್ಯ ಬರಿದಾದ ಎಡಗೈಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಹೇಳಿದ: "ನನ್ ಕೈಲಾಗೋದು ಇದೊಂದೇ ಕಣೆ."

ಎರಡು ದಿನ ಅವನು ಹಿತ್ತಲಿಗೂ ಬರಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ.

ಮೂರನೆಯ ದಿನ ಅವಳು ಕೆಲಸದಿಂದ ಬರುವಾಗ ಡಬ್ಬಿ ತುಂಬ, ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳು ತಂದಳು. ತಗಡಿನ ಮೇಲೆ ಹರಡಿ ಒಣಗಿಸಿದಳು. ಒಣಗಿದ ಮೇಲೆ ಗಂಡನನ್ನು ಕೈಹಿಡಿದು ಕಟ್ಟೆಗೆ ಕರೆತಂದು, ಮುಂದೆ ಕುಟ್ಟಾಣಿ ಇಟ್ಟಳು.

"ಕುಟ್ಟಿ. ಬಲಗೈಯಾಗೆ."

ಕುಟ್ಟಾಣಿಯ ಕೋಲು ಮೂರು ಸಲ ಜಾರಿ ಬಿತ್ತು. ನಾಲ್ಕನೆಯ ಸಲ ಅವಳು ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಹಿಡಿದಳು. ಅರ್ಧ ಪುಡಿ ನೆಲಕ್ಕೆ ಚೆಲ್ಲಿತು. ನಾನು ಅದನ್ನೂ ಬಿಡಲಿಲ್ಲ.

ಮೊದಲ ವಾರ ಉತ್ಸಾಹ ಹೆಚ್ಚಾಗಿ ಅವನು ಬೊಗಸೆಗಟ್ಟಲೆ ಹಾಕಿದ. ಮೊಟ್ಟೆಯೇ ಹುಳು ನಾತ ಹೊಡೆಯಿತು. ಪಕ್ಕದ ಮನೆಯವರು ಕೊಂಡಿದ್ದ ಮೊಟ್ಟೆಯನ್ನು ವಾಪಸು ತಂದುಕೊಟ್ಟರು. ಅಂದಿನಿಂದ ರಾಗಿ, ಜೋಳದ ನುಚ್ಚಿಗೆ ಒಂದೇ ಹಿಡಿ ಹುಳುಪುಡಿ ಬೆರೆಸಿ ನನ್ನ ಮುಂದೆ ಇಡುತ್ತಿದ್ದ. ಎರಡು ತಿಂಗಳಲ್ಲಿ ನನ್ನ ಬೆನ್ನು ಮುಚ್ಚುವಷ್ಟು ಪುಕ್ಕ ಬಂತು, ಮೊಟ್ಟೆ ಗಟ್ಟಿಯಾಯಿತು. ಅವನ ಕೈ ಕತ್ತರಿ ಹಿಡಿಯುವಷ್ಟು ಸುಧಾರಿಸಲಿಲ್ಲ. ಆದರೆ ಮುದ್ದೆ ಮುರಿದು ಬಾಯಿಗಿಡುವಷ್ಟು ಬಲ ಬಂತು.

ವರ್ಷಗಳು ಕಳೆದವು. ನಾನು ಮೊಟ್ಟೆ ಇಡುವುದನ್ನು ನಿಲ್ಲಿಸಿದೆ. ಒಂದು ಭಾನುವಾರ ನೆಂಟರು ಬರುವವರಿದ್ದರು. ಚಿಕ್ಕತಾಯಮ್ಮ ನನ್ನ ರೆಕ್ಕೆ ಹಿಡಿದೆತ್ತಿದಳು.

"ಇದುಕ್ಕೆ ಹಾಕೋದು ದಂಡ. ಒಂದು ಮೊಟ್ಟೆ ಇಲ್ಲ."

"ನಾನೂ ಒಂದು ಅಂಗಿ ಹೊಲ್ದಿಲ್ಲ. ನಂಗೆ ಇಕ್ತಿಲ್ವ ನೀನು?" ಎಂದ ಜವರಯ್ಯ.

ಅವಳು ನನ್ನನ್ನು ಕೆಳಗಿಳಿಸಿ, ಚೀಲ ತೆಗೆದುಕೊಂಡು ಮಾಂಸದಂಗಡಿಯಿಂದ ಬಾಡು ತರಲು ಹೋದಳು.

ಈಗ ಹಿತ್ತಲಲ್ಲಿ ಹೊಸ ಹ್ಯಾಟೆಗಳಿವೆ, ಈಗಷ್ಟೇ ಮೊಟ್ಟೆಯಿಡತೊಡಗಿದ ಎಳೆಯ ಕೋಳಿಗಳು. ಅವು ನನ್ನನ್ನು ತಳ್ಳಿ ಮೊದಲು ತಿನ್ನುತ್ತವೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಿಸಿಲು ನನ್ನದು. ಪ್ರೀತಿ ಎಂದರೇನೆಂದು ಕೋಳಿಗೆ ತಿಳಿಯದು. ಎಸೆದದ್ದಕ್ಕೂ ಇಟ್ಟದ್ದಕ್ಕೂ ಇರುವ ವ್ಯತ್ಯಾಸ ಮಾತ್ರ ತಿಳಿಯುತ್ತದೆ. ಜವರಯ್ಯ ಕುಟ್ಟುತ್ತಾನೆ, ಕೈ ಸೋತಾಗ ನಿಲ್ಲಿಸುತ್ತಾನೆ, ಮತ್ತೆ ಕುಟ್ಟುತ್ತಾನೆ. ನನಗೂ ಅವಸರವಿಲ್ಲ.